ಖಾಲಿ ಅಡುಗೆಮನೆಗೆ ಹೇಳಿದ ಉತ್ತರಗಳು

ಕಾಕಾನ ಮನೆಗೆ ದೆವ್ವ ಹೊಕ್ಕ ಸುದ್ದಿ ಬೀದರ್‌ನಲ್ಲಿದ್ದ ನಮಗೆ ಮುಟ್ಟಿದ್ದು ಜೋಳದ ಹಿಟ್ಟಿನ ಜೊತೆಗೆ. ಭಾಲ್ಕಿಯ ಗಿರಣಿಯಲ್ಲಿ ಬೀಸಿದ ಹಿಟ್ಟಿನ ಚೀಲ ಹೊತ್ತು ತಂದ ಸಂಬಂಧಿಕರೊಬ್ಬರು ಅದನ್ನು ಇಳಿಸುವ ಮೊದಲೇ ಶುರು ಮಾಡಿದರು: "ಮಾಸ್ತರು ಖಾಲಿ ಮನಿಯಾಗ ಮಾತಾಡ್ಲತ್ತಾರ್ರಿ. ಮುದುಕಿ ವಾಪಸ್ ಬಂದಾಳಂತ ಓಣಿ ತುಂಬ ಸುದ್ದಿ."

ಮುದುಕಿ ಎಂದರೆ ನಮ್ಮ ಆಯಿ, ಅಂದರೆ ಅಪ್ಪ ಮತ್ತು ಅವನ ತಮ್ಮ ಕಾಕಾನ ತಾಯಿ. ಆ ಮನೆಯಲ್ಲೇ ತೀರಿಕೊಂಡು ಮೂರು ವರ್ಷವಾಗಿತ್ತು.

ಬೇರೆ ಮನೆತನಕ್ಕಾದರೆ ಇದು ಬರೀ ಭಯ. ನಮಗೆ ಅವಮಾನ. ದೇವರು, ದೆವ್ವ, ದೃಷ್ಟಿ, ತಾಯತ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಹೊರಗಿಟ್ಟು ಬೌದ್ಧರಾದವರು ನಾವು. ಕಾಕಾ ಅಂತೂ ನಿವೃತ್ತನಾಗುವ ತನಕ ವಿಜ್ಞಾನದ ಮಾಸ್ತರ. ನಿಂಬೆಹಣ್ಣಿನಿಂದ ರಕ್ತ ಸುರಿಸುವವರ ಕೈಚಳಕವನ್ನು ತರಗತಿಯಲ್ಲೇ ಮಾಡಿ ತೋರಿಸಿ, "ಈಗ ಹೇಳ್ರಿ, ನಾ ಬಾಬಾ ಏನು?" ಎಂದು ಕೇಳುತ್ತಿದ್ದವ. ಅಂಥವನ ಮನೆಗೆ ದೆವ್ವ! ಅಪ್ಪ ನನ್ನ ಮುಖ ನೋಡಿದ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳಿಗೆ ಅಲ್ಲಿಯವರೆಗೆ ಅವನು ಬೆಲೆ ಕೊಟ್ಟವನಲ್ಲ. "ನೀ ಹೋಗು. ಒಂದು ವಾರ ಇದ್ದು ಏನದ ನೋಡ್ಕೊಂಡು ಬಾ," ಎಂದ.

ಹೋಳಿ ಮುಗಿದ ವಾರ ಅದು. ಬೇವು ಹೂಬಿಟ್ಟಿತ್ತು, ಮಧ್ಯಾಹ್ನದ ಬಿಸಿಲಿಗೆ ಆಗಲೇ ಹಲ್ಲು ಮೂಡಿದ್ದವು. ಸೋಮವಾರ ನಾನು ಭಾಲ್ಕಿಯಲ್ಲಿ ಬಸ್ಸಿಳಿದು ಹೋದಾಗ ಕಾಕಾ ಬಾಗಿಲಲ್ಲೇ ನಿಂತಿದ್ದ.

"ಬರ್ರಿ ವಕೀಲ್ ಸಾಬ್! ಬಸ್ಸಿನ್ಯಾಗ ಕೂಡ್ಲಿಕ್ಕ ಜಾಗಾ ಸಿಕ್ತೋ, ನಿಂತು ಬಂದ್ಯೋ? ನಿಂತೇ ಬಂದಿರ್ತಿ. ಅಪ್ಪ ಆರಾಮ ಇದ್ದಾನ? ಇರ್ತಾನ, ಅವನಿಗೇನಾಗ್ತದ. ಇಲ್ಲಿ ಬೆಳಕಿನ್ಯಾಗ ಕೂಡು, ಮಾರಿ ಕಾಣಲಿ."

ವಕೀಲ್ ಸಾಬ್ ಎಂಬುದು ಚರ್ಚಾಸ್ಪರ್ಧೆಗಳಿಂದ ನನಗಂಟಿದ ಅಡ್ಡಹೆಸರು. ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ. ಮಾಸ್ತರಕಿ ಮಾಡಿದವರ ಚಾಳಿ ಎಂದುಕೊಂಡೆ.

ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದ ಅವನ ಹೆಂಡತಿ, ಕಾಕು, ನನ್ನ ಕೈಗೆ ನೀರು ಕೊಟ್ಟು, ಒಲೆಯ ಮೇಲೆ ಹಾಲಿಟ್ಟು, ಒಣಗಿದ ಬಟ್ಟೆ ತರಲು ತಾರಸಿಗೆ ಹೋದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲು ಹತ್ತಿ ನಿಂತಿತು. ಆಗ ಕಾಕಾ ಪೇಪರಿನಿಂದ ಕಣ್ಣೆತ್ತದೆ ಅಡುಗೆಮನೆಯ ಕಡೆಗೆ ಹೇಳಿದ: "ಸಾಕು, ಸಕ್ರಿ ಮತ್ತ ಹಾಕಬ್ಯಾಡ."

ಒಂದು ಕ್ಷಣ ತಡೆದ. ಆಮೇಲೆ, "ಡಾಕ್ಟರ್ ಏನರ ಅನ್ಲಿ, ನಿನ್ನ ಮಾತ ನಡೀಬೇಕು ನೋಡು," ಎಂದು ಮೆಲ್ಲಗೆ ನಕ್ಕ.

ನಾನು ಎದ್ದು ಹೋಗಿ ನೋಡಿದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಹಾಲು ಉಕ್ಕುವುದರಲ್ಲಿತ್ತು, ಉರಿ ಸಣ್ಣ ಮಾಡಿದೆ. ವಯಸ್ಸಾದವರು ತಮ್ಮಷ್ಟಕ್ಕೆ ಮಾತಾಡಿಕೊಳ್ಳುವುದು ಹೊಸದಲ್ಲ, ಒಪ್ಪಿದೆ. ಆದರೆ ತನ್ನಷ್ಟಕ್ಕೆ ಮಾತಾಡಿಕೊಳ್ಳುವವನು ಎದುರಿನವರ ಉತ್ತರಕ್ಕೆ ಜಾಗ ಬಿಡುವುದಿಲ್ಲ. ಕಾಕಾ ಬಿಟ್ಟಿದ್ದ. ಒಬ್ಬ ಹೆಂಗಸು ಒಂದು ವಾಕ್ಯ ಹೇಳಿ ಮುಗಿಸಲು ಬೇಕಾಗುವಷ್ಟೇ ಜಾಗ.

ಮಂಗಳವಾರ ನಳದಲ್ಲಿ ನೀರು ಬರುವ ದಿನ. ಅಂಗಳದ ಒಣ ಪೈಪಿನ ಮೇಲೆ ಕೈಯಿಟ್ಟು ನಿಂತಿದ್ದ ಕಾಕಾ ಇದ್ದಕ್ಕಿದ್ದಂತೆ, "ಹಾಂ, ಬಂತು, ಕೊಡ ತಗೊಂಡು ಬಾ," ಎಂದ. ಪೈಪಿನಲ್ಲಿ ಏನೂ ಇರಲಿಲ್ಲ. ನಾನು ಕಿವಿಗೊಟ್ಟು ಆಲಿಸಿದ್ದೇನೆ. ಸ್ವಲ್ಪ ಹೊತ್ತಿನ ಮೇಲೆ ಅದು ಕೆಮ್ಮಿ, ಗಾಳಿ ಉಗುಳಿ, ನೀರು ಬಿಟ್ಟಿತು. ನನಗಿಂತ ಮೊದಲು ಅವನಿಗೆ ಹೇಗೆ ಗೊತ್ತಾಯಿತು? ಕಾಕು ಕೊಡ ತಂದಿಟ್ಟಳು. ಎರಡು ದಿನವಾದರೂ ಅವಳು ಗಂಡನೊಡನೆ ಬಾಯಿಬಿಟ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆದರೂ ಆ ಮನೆಯಲ್ಲಿ ದಿನವಿಡೀ ಸಂಸಾರದ ಮಾತು ನಡೆದೇ ಇತ್ತು, ಅರ್ಧ ಮಾತ್ರ ಕೇಳಿಸುತ್ತಿತ್ತು.

ಮನೆಯ ಎದುರಿಗೇ ಗಿರಣಿ. ಅದು ತಿರುಗುವಾಗ ಆ ಓಣಿಯಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ಎಲ್ಲರೂ ಕೈಸನ್ನೆಯಲ್ಲೇ ವ್ಯಾಪಾರ ಮಾಡುತ್ತಾರೆ. ಬುಧವಾರ ಜೋಳ ಹಾಕಲು ಹೋದಾಗ ಗಿರಣಿ ನಡೆಸುವ ಅಕ್ಕ, ಹುಬ್ಬಿನ ಮೇಲೆಲ್ಲ ಹಿಟ್ಟು, ಯಂತ್ರ ನಿಲ್ಲಿಸಿಯೇ ಕೇಳಿದಳು: "ನೀನಾ ಬೀದರಿಂದ ಬಂದ ವಕೀಲಬಾಯಿ? ದೆವ್ವದ ಕೂಡ ವಾದಾ ಮಾಡ್ಲಿಕ್ಕ ಬಂದೀದಿ ಅಂತ?"

"ದೆವ್ವ ಅದ ಅನ್ಲಿಕ್ಕ ಪುರಾವಿ ಏನದರಿ ಅಕ್ಕ?"

"ಪುರಾವಿ ಕೋರ್ಟಿನ್ಯಾಗ ಕೇಳು. ಇದು ಗಿರಣಿ."

ಸುತ್ತಲಿದ್ದವರು ನಕ್ಕರು. ಆದರೆ ಅಷ್ಟರಲ್ಲಿ ಕಾಕಾ ಚೀಲ ಹಿಡಿದು ಬಂದ. ನಗು ತಟ್ಟನೆ ನಿಂತಿತು. ಒಬ್ಬಳು ಕೂಸಿನ ಮುಖವನ್ನು ಸೆರಗಿನಲ್ಲಿ ಮುಚ್ಚಿದಳು. ಎಲ್ಲರೂ ಸರಿದು ದಾರಿ ಬಿಟ್ಟರು. ಕಾಕಾ ದೊಡ್ಡ ಸಾಹೇಬನಂತೆ ನಡುವೆ ನಡೆದು ಬಂದ.

ಆ ಮಧ್ಯಾಹ್ನ ನಾನೊಂದು ಪರೀಕ್ಷೆ ಮಾಡಿದೆ. ಕಾಕು ತಾರಸಿಯ ಮೇಲೆ ಹುಣಸೆಹಣ್ಣು ಹರವುತ್ತಿದ್ದಳು. ಕಾಕಾನ ಕಣ್ಣಿಗೆ ಬೀಳದಂತೆ ನಾನು ಅಡುಗೆಮನೆಯ ಗೋಡೆಯ ಹಿಂದೆ ಮಣೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅವನ ದನಿ ಬಂತು: "ಹುಡುಗಿ ಬಂದದ, ಬಾಯಿಗೆ ರುಚಿ ಏನರ ಮಾಡು."

ಎಂದಿನಂತೆ ಜಾಗ ಬಿಟ್ಟ. ಆ ಜಾಗದೊಳಗೆ ನಾನು ಗಟ್ಟಿಯಾಗಿ ಹೇಳಿದೆ: "ಕಾಕಾ, ಕಾಕು ಇಲ್ಲಿಲ್ಲರಿ. ನಾ ಇದ್ದೀನಿ."

"ಹೂಂ," ಎಂದ ಕಾಕಾ, ಪ್ರೀತಿಯಿಂದ, ಬೇರೆ ಯಾರಿಗೋ. "ಧಪಾಟಿ ಆದ್ರ ಛಲೋ."

ಕಾಲಿಗೆ ತಗುಲುವಷ್ಟು ಹತ್ತಿರದಲ್ಲಿ ಒಲೆ, ಲಟ್ಟಣಿಗೆ, ಹಿಟ್ಟಿನ ಡಬ್ಬಿ, ಕಿಟಕಿಯಿಂದ ಬಿದ್ದ ಬಿಸಿಲಿನ ಚೌಕ. ನನ್ನ ಮಾತಿಗೆ ಆ ಮನೆಯಲ್ಲಿ ಜಾಗವಿಲ್ಲ, ಇನ್ನೊಬ್ಬರದಕ್ಕೆ ಇದೆ. ಅಲ್ಲಿ ಇಲ್ಲದವಳು ನಾನೇ ಏನೋ ಅನ್ನಿಸಿತು. ಸಂಜೆ ಕಾಕು ಯಾರನ್ನೂ ಕೇಳದೆ ಕಲಸಿ ತಟ್ಟಿದ್ದು ಅದೇ ಧಪಾಟಿ, ಜೋಳದ ಮಸಾಲೆ ರೊಟ್ಟಿ. ಹಸಿಮೆಣಸು, ಎಳ್ಳು, ಘಮ ಎಲ್ಲ ಇತ್ತು. ನಾನು ನನ್ನ ತಟ್ಟೆಯನ್ನು ಕಾಕಾನ ಕಡೆ ಸರಿಸಿದೆ.

ಗುರುವಾರ ಸಂಜೆ ಕಾಕು ನನ್ನ ರಟ್ಟೆ ಹಿಡಿದು, "ಅವರು ವಾಕಿಂಗ್ ಹೊಂಟಾರ, ಜೋಡಿ ಹೋಗು," ಎಂದಳು. ಅವಳ ಹಿಡಿತ ಮಾತಿಗಿಂತ ಗಟ್ಟಿಯಾಗಿತ್ತು.

ಕಾಕಾನ ದಾರಿ ಓಣಿಯ ಎಡಕ್ಕೆ, ರೈಲು ಹಳಿ ದಾಟಿ, ಹೊಲಗಳ ಕಡೆಗೆ. ಜೋಳ ಕೊಯ್ದ ಕೂಳೆ, ಆಚೆ ಕಬ್ಬು. "ಇನ್ನೂ ಅರ್ಧ ತಾಸು ಗಾಡಿ ಇಲ್ಲ," ಎಂದು ಕೈಗಡಿಯಾರ ನೋಡಿ ಹಳಿಯ ಮೇಲೆ ಕಾಲಿಟ್ಟವನು ಅಲ್ಲೇ ನಿಂತು ನನಗೆ ಕಬ್ಬಿನ ಬೇರೆ ಬೇರೆ ತಳಿ ತೋರಿಸತೊಡಗಿದ. ಅವನ ಬೆನ್ನ ಹಿಂದೆ ತಿರುವಿನಲ್ಲಿ ಗಾಡಿ ಕೂಗಿತು. ಇನ್ನೊಮ್ಮೆ ಕೂಗಿತು, ಈ ಸಲ ಉದ್ದಕ್ಕೆ. ಕಾಕಾ ನಗುನಗುತ್ತ ಕಬ್ಬಿನ ವಿಷಯವೇ ಹೇಳುತ್ತಿದ್ದ. ಆ ಕೂಗು ನನ್ನೊಬ್ಬಳಿಗಾಗಿಯೇ ಬರುತ್ತಿದೆ, ಅವನಿರುವ ಲೋಕಕ್ಕೆ ಮುಟ್ಟುತ್ತಿಲ್ಲ ಎಂಬಂತೆ. ನಾನು ಚೀರಿದೆ. ಅವನು ನನ್ನ ಬಾಯಿ ನೋಡಿ ಹುಬ್ಬು ಗಂಟಿಕ್ಕಿದ. ಅಂಗಿ ಹಿಡಿದು ಎಳೆದೆ. ಇಬ್ಬರೂ ಜಲ್ಲಿಕಲ್ಲಿನ ಮೇಲೆ ಬಿದ್ದೆವು. ಗಾಡಿಯ ಗಾಳಿ ಅವನ ಟೋಪಿಯನ್ನು ಹಾರಿಸಿಕೊಂಡು ಹೋಯಿತು.

ಧೂಳು ಕೂತ ಮೇಲೆ ಕಾಕಾ ಗಡಿಯಾರ ನೋಡಿದ. ಮುಖದಲ್ಲಿ ರಕ್ತವಿರಲಿಲ್ಲ. "ಇವತ್ತ ಗಾಡಿ ಟೈಮಿಗೆ ಬರ್ಲಿಲ್ಲ," ಎಂದ, ತಪ್ಪು ಗಾಡಿಯದು ಎಂಬಂತೆ.

ಮರುದಿನ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಕಾಕುವಿನ ಮುಂದೆ ಕೂತು ನೇರ ಕೇಳಿದೆ: "ಕಾಕಾಗ ಕಿವಿ ಕೇಳಸೋದಿಲ್ಲ. ಎಷ್ಟು ವರ್ಷ ಆಯ್ತರಿ?"

ಅವಳು ಕೈ ನಿಲ್ಲಿಸಲಿಲ್ಲ. "ಆಯಿ ಹೋದ ವರ್ಷದಿಂದ ಪೂರಾ. ಕಿವಿ ಮಷೀನ್ ತಂದೆ. ಕಪಾಟಿನ್ಯಾಗ ಕೂತದ."

"ಮತ್ತ ಈ ಮಾತುಕತಿ?"

"ಎಷ್ಟು ವರ್ಷದ ಸಂಸಾರ, ಪೋರಿ. ಸೋಮವಾರ ಯಾವ ಮಾತು, ಬುಧವಾರ ಯಾವ ಅಡಗಿ ಅಂತ ಅವರಿಗ ಬಾಯಿಪಾಠ. ಮೊದಲು ನಾನೂ ಬಾಯಿ ಬಿಟ್ಟು ಹೇಳ್ತಿದ್ದೆ. ಹೇಳಿದ್ರೂ ಅದೇ ಜವಾಬು, ಹೇಳದಿದ್ರೂ ಅದೇ ಜವಾಬು. ಬಿಟ್ಟೆ. ನಾಲ್ಕಕ್ಕ ನಾ ಒಲಿ ಮುಂದ ಇರ್ತೀನಂತ ಅವರ ಲೆಕ್ಕ. ಇಲ್ಲಂತ ಹ್ಯಾಂಗ ತಿಳೀಬೇಕು? ಅದಕ್ಕ ನಾ ವಾರ ಬದಲಿ ಮಾಡಂಗಿಲ್ಲ."

"ದೆವ್ವದ ಸುದ್ದಿ ನೀವ ಹಬ್ಬಿಸಿದ್ರೇನು?"

"ನಾ ಹಬ್ಬಿಸಿಲ್ಲ. ಅಲ್ಲಂತ ಹೇಳಿಲ್ಲ, ಅಷ್ಟ." ಆಮೇಲೆ ಮೊದಲ ಸಲ ಕೈ ನಿಂತಿತು. "ನಿನ್ನಿ ನೀ ಇರದಿದ್ರ ಏನಾಗ್ತಿತ್ತು?"

ಕಾಕುವಿನ ವಿವರಣೆ ಎಲ್ಲವನ್ನೂ ಸರಿಹೊಂದಿಸಿತು: ಪೈಪಿನ ಮೇಲಿನ ಕೈ ನೀರಿನ ನಡುಕ ಹಿಡಿಯುತ್ತಿತ್ತು, ಬೆಳಕಿನಲ್ಲಿ ಕೂಡಿಸುತ್ತಿದ್ದುದು ತುಟಿ ಓದಲು. ವಿವರಣೆ ಸಿಕ್ಕರೆ ಭಯ ಹೋಗಬೇಕು, ನನ್ನ ನಂಬಿಕೆ ಅದು. ಹೋಗಲಿಲ್ಲ. ಅಂದೇ ನಾಲ್ಕಕ್ಕೆ ಕಾಕಾ ಅಡುಗೆಮನೆಗೆ ಏನೋ ಹೇಳಿ ತಡೆದಾಗ, ಕಾಕು ನನ್ನ ಪಕ್ಕದಲ್ಲೇ ತುಟಿ ಬಿಗಿದು ಕೂತಿದ್ದಳು. ಆ ಮೌನ ಇನ್ನಷ್ಟು ದಪ್ಪವಾಗಿತ್ತು.

ಶನಿವಾರ ಬೆಳಿಗ್ಗೆ ಕಾಕಾನನ್ನು ಬಾಗಿಲ ಬೆಳಕಿಗೆ ಕೂಡಿಸಿ ಎದುರು ಕೂತೆ. ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ, "ನಿನ್ನ ಕಾಕು ಹೇಳಿದಳೇನು?"

"ರೈಲು ಹೇಳಿತ್ರಿ."

ತುಟಿ ಓದಿಕೊಂಡು ನಕ್ಕ. "ನಮ್ಮಪ್ಪ ಕಿವುಡ ಇದ್ದ. ನಮ್ಮೂರು ಡಾಬಕಾದಾಗ ಮಂದಿ ಹೊಲದಾಗ ದುಡೀತಿದ್ದ. ಕಟ್ಟಿ ಮ್ಯಾಲ ಕೂತವರು ನಕ್ಕೋತ ಅವಗ ಹೊಲಸ ಬೈತಿದ್ರು. ಅವರು ನಗ್ಲತ್ತಾರಂತ ಅವನೂ ನಗತಿದ್ದ, ಕೈ ಮುಗೀತಿದ್ದ. ನಾ ಬಾಜು ನಿಂತಿರ್ತಿದ್ದೆ. ನನಗ ಕೇಳಸ್ತಿತ್ತು."

ಬೀದಿಯಲ್ಲಿ ಗಿರಣಿ ಶುರುವಾಯಿತು. ಅವನು ಅದೇ ದನಿಯಲ್ಲಿ ಮುಂದುವರಿಸಿದ, ಕೇಳಿಸಿಕೊಳ್ಳಲು ನಾನು ಹತ್ತಿರ ಸರಿದೆ: "ಮಷೀನ್ ಹಾಕ್ಕೊಂಡ್ರ ಊರಿಗೆ ಡಂಗುರ ಹೊಡದಂಗ. ದೆವ್ವ ಅಂದ್ರ ಜನ ಅಂಜತಾರ, ಕಿವುಡ ಅಂದ್ರ ನಗತಾರ. ನೀ ಹೇಳು ವಕೀಲ್ ಸಾಬ್, ಯಾವುದು ಛಲೋ?"

"ರೈಲು ಯಾರಿಗೂ ಅಂಜಂಗಿಲ್ಲ, ಕಾಕಾ," ಎಂದೆ. "ದೆವ್ವಕ್ಕೂ ಇಲ್ಲ, ಮಾಸ್ತರಗೂ ಇಲ್ಲ."

ಕೊನೆಗೆ ಕರಾರಾಯಿತು. ಅವನು ಹಳಿಯ ದಾರಿ ಬಿಡಬೇಕು, ಬಜಾರಿನ ಕಡೆಗೆ, ಕಾಕುವಿನ ಜೋಡಿಯಲ್ಲೇ ನಡೆಯಬೇಕು. ನಾನು ಗುಟ್ಟು ಕಾಯಬೇಕು.

"ಸುಳ್ಳಂತೂ ಹೇಳೋದಿಲ್ಲ," ಎಂದೆ.

"ಸುಳ್ಳು ಬ್ಯಾಡ. ವಾದಾ ಮಾಡಬ್ಯಾಡ, ಸಾಕು."

ಇದನ್ನು ಬರೆಯಲೇ ಎಂದು ಒಂದು ವರ್ಷ ಬಿಟ್ಟು ಕಾಕಾನನ್ನೇ ಕೇಳಿದೆ. "ಹೆಸರು ಹಾಕಬ್ಯಾಡ. ಭಾಲ್ಕಿಯಾಗ ರಿಟೈರ್ ಮಾಸ್ತರು ರಗಡ ಮಂದಿ ಇದ್ದಾರ," ಎಂದು ಮೆಸೇಜ್ ಕಳಿಸಿದ.

ಭಾನುವಾರ ನನ್ನನ್ನು ಬಸ್ಸಿಗೆ ಬಿಡಲು ಕಾಕಾ ಹೊರಟ. ಕರೆಂಟ್ ಹೋಗಿ ಗಿರಣಿ ಸುಮ್ಮನಾಗಿತ್ತು. ಓಣಿಯಲ್ಲಿ ಬೇವಿನ ಹೂ ಉದುರುವುದು ಕೇಳುವಷ್ಟು ನಿಶ್ಶಬ್ದ. ಗಿರಣಿಯ ಅಕ್ಕ ಹೊಸ್ತಿಲಲ್ಲೇ ಕೂತಿದ್ದಳು. "ಏನ್ ವಕೀಲಬಾಯಿ, ಸಿಕ್ತೇನು ಪುರಾವಿ?"

ಕಾಕಾನ ಕಣ್ಣು ನನ್ನ ತುಟಿಯ ಮೇಲಿತ್ತು.

"ಸೋತೆ ಬಿಡ್ರಿ ಅಕ್ಕ," ಎಂದೆ.

ಅವಳು ಗೆದ್ದವಳಂತೆ ನಗಲಿಲ್ಲ. ಎದ್ದು ಬಂದು, ಕಾಕಾನಿಗೆ ಬೆನ್ನು ಮಾಡಿ, ನನ್ನ ಕಿವಿಯ ಹತ್ತಿರ ಬಾಗಿದಳು. "ನಿನಗೂ ಕೇಳಸ್ತು ಹೌದಲ್ಲ? ಆ ಹೆಣ್ಣುಮಗಳ ದನಿ? ಹಿಂಗ ಕರೆಂಟ್ ಹೋದಾಗ ಇಲ್ಲಿತನಕ ಬರ್ತದ. ಅವರು ಒಂದು ಮಾತು ಅಂತಾರ, ಆಕಿ ಒಂದು ಅಂತಾಳ."

"ಅದು ನಮ್ಮ ಕಾಕುನ ದನಿ ಇರಬೇಕರಿ."

"ಹೋದ ಸಲ ಹಿಂಗಾದಾಗ ನಿಮ್ಮ ಕಾಕು ನನ್ನ ಬಾಜುಕ ಕೂತು ಹಿಟ್ಟು ತುಂಬ್ಲತ್ತಿದ್ದಳು ನೋಡು. ಆಕಿಗೂ ಕೇಳಸ್ತು. ಮಾರಿ ತಗ್ಗಿಸಿದಳು."

ಹತ್ತು ಆಕ್ಷೇಪಗಳು ನಾಲಿಗೆಯ ತುದಿಗೆ ಬಂದವು. ವಾದ ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

"ಏನಂತಾಳ ಆಕಿ?" ಕಾಕಾ ಕೇಳಿದ. ಅವನಿಗೆ ಅವಳ ಮುಖ ಕಂಡಿರಲಿಲ್ಲ.

"ಬಸ್ಸಿಗೆ ಹೊತ್ತಾಯ್ತು ಅಂತಾರ್ರಿ," ಎಂದೆ.

ಕಾಕಾ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಓಣಿಯ ತುದಿಯಲ್ಲಿ, ಎಡಗಡೆಯ ಹಳಿಯ ಕಡೆಗೆ ಒಂದು ಸಲ ನೋಡಿ, ಬಲಕ್ಕೆ ಬಜಾರಿನ ದಾರಿ ಹಿಡಿದ. ನಾನು ಅವನ ಬೆನ್ನ ಹಿಂದೆಯೇ ನಡೆದೆ, ಆ ಮನೆಯ ಕಡೆ ತಿರುಗದೆ, ಕಿವಿಯನ್ನು ಮಾತ್ರ ಅಲ್ಲೇ ಬಿಟ್ಟು.