ಎಕ್ಸಾಸ್ಟ್ ಫ್ಯಾನು ನಿಂತಿದ್ದ ಹೊತ್ತು

ನೆಲಮಾಳಿಗೆಯ ಆ ಕೋಣೆಯಲ್ಲಿ ಕೆಲಸ ಶುರುವಾಗುವ ಮೊದಲು ಎಲ್ಲವನ್ನೂ ನಿಲ್ಲಿಸುವುದು ರೂಢಿ. ಟ್ಯೂಬ್‌ಲೈಟು, ಎಸಿ, ಗೋಡೆಯ ಎಕ್ಸಾಸ್ಟ್ ಫ್ಯಾನು, ಕೊನೆಗೆ ಆಮ್ಲಜನಕ ಕಡಿಮೆಯಾದರೆ ಕೂಗಬೇಕಿದ್ದ ಪುಟ್ಟ ಅಲಾರಂ ಕೂಡ. ಯಾವ ಮೋಟಾರು ತಿರುಗಿದರೂ ಸಾಕು, ಇಲ್ಲದ ಕಣಗಳು ಬಂದಂತೆ ನಮ್ಮ ಪರದೆ ಸುಳ್ಳು ತೋರಿಸುತ್ತಿತ್ತು. ಅದಕ್ಕೆ ನಾವು ನಾಯ್ಸ್ ಎನ್ನುತ್ತಿದ್ದೆವು. ನಾಯ್ಸ್ ಇಲ್ಲದ ದಿನ ಒಳ್ಳೆಯ ದಿನ. ನಮಗಿಂತ ಹಿಂದಿನವರು ಹಾಗೆ ಮಾಡುತ್ತಿದ್ದರು, ನಾವೂ ಮಾಡಿದೆವು.

ಪುಣೆಯ ಆ ಭೌತವಿಜ್ಞಾನ ವಿಭಾಗದಲ್ಲಿ ಕನ್ನಡದವರು ಇಬ್ಬರೇ. ನಾನು ತುಮಕೂರಿನ ಕಡೆಯವನು. ಇನ್ನೊಬ್ಬರು ನನ್ನ ಸೀನಿಯರ್, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವರ ಮಗಳು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಸೀಸದಂಥ ಭಾರದ ನ್ಯೂಕ್ಲಿಯಸ್ಸಿಗೆ ಹಗುರವಾದ ಪ್ರೋಟಾನು ಮಹಾ ವೇಗದಲ್ಲಿ ಬಡಿದಾಗ ಎಂಥ ಹೊಸ ಕಣಗಳು, ಎಷ್ಟು ಹುಟ್ಟುತ್ತವೆ ಎಂಬುದು ಅವರ ಪಿಎಚ್‌ಡಿ ವಿಷಯ. ಡಿಕ್ಕಿ ನಡೆಯುವುದು ದೂರದ ದೇಶದ ಯಂತ್ರದಲ್ಲಿ. ಕಣ ಹಿಡಿಯಲು ಅಲ್ಲಿಗೆ ಹೋಗಬೇಕಾದ ಪೆಟ್ಟಿಗೆಯೊಂದನ್ನು ಇಲ್ಲಿ ಪರೀಕ್ಷಿಸುವುದು ನಮ್ಮ ಪಾಲಿನ ಕೆಲಸ. ಪೆಟ್ಟಿಗೆಯೊಳಗೆ ಸದಾ ಆರ್ಗಾನ್ ಅನಿಲ ಹರಿಯುತ್ತಿರಬೇಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ.

ಅಕ್ಕ ವಿಷಯವನ್ನು ಯಾರಿಗೆ ಬೇಕಾದರೂ ಹೇಳಿಬಿಡುತ್ತಿದ್ದರು.

"ಸೀಸಕ್ಕ ಸೀಸ ಬಡದ್ರ ಎರಡು ಮೆರವಣಿಗಿ ಎದುರಾಬದುರಾ ಬಂದಂಗ ತಮ್ಮಾ. ಪ್ರೋಟಾನ್ ಅಂದ್ರ ಮೆರವಣಿಗಿಯೊಳಗ ಒಬ್ಬ ಸೈಕಲ್‌ನವ ನುಗ್ಗಿದಂಗ."

"ಸೈಕಲ್‌ನವನು ಉಳೀತಾನಾ ಅಕ್ಕ?"

"ಅವನ ಚಿಂತಿ ಬಿಡು, ಗದ್ದಲ ಎಷ್ಟಾತು ಅನ್ನೋದ ನನ್ನ ಥೀಸಿಸ್. ನೀ ಮೊದಲ ಫ್ಯಾನ್ ಬಂದ್ ಮಾಡು, ತುಮಕೂರಾಗ ಕುಂತಂಗ ಗಾಳಿ ತಗೋಬ್ಯಾಡ."

ಲೆಕ್ಕವೆಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ನಾನು ಕಂಪ್ಯೂಟರಿನಲ್ಲಿ ಟೈಪು ಮಾಡಿ ಮುಗಿಸುವಷ್ಟರಲ್ಲಿ ಅವರು ಉತ್ತರ ಹೇಳಿ, ನನ್ನ ಪರದೆಯನ್ನು ನೋಡಿ, "ನಿನ್ನ ಯಂತ್ರಾನೂ ಶಾಣ್ಯಾ ಅದ ಬಿಡು" ಎಂದು ನಗುತ್ತಿದ್ದರು.

ಅಂದು ಮಧ್ಯಾಹ್ನ ಊಟವಾದ ಮೇಲೆ ಎಲ್ಲವನ್ನೂ ನಿಲ್ಲಿಸಿ ಬಾಗಿಲು ಹಾಕಿಕೊಂಡು ಕೂತಿದ್ದೆವು. ನಾನು ಎತ್ತರದ ಸ್ಟೂಲಿನ ಮೇಲೆ, ಪರದೆಯ ಮುಂದೆ. ಸ್ವಲ್ಪ ಹೊತ್ತಿಗೆ, ಕಣ ಬಂದಾಗಲೆಲ್ಲ ಪರದೆಯ ಮೇಲೆ ಏಳುವ ಗೆರೆಗಳು ಕುಗ್ಗತೊಡಗಿದವು.

"ಅಕ್ಕ, ಪಲ್ಸ್ ಚಿಕ್ಕದಾಗ್ತಾ ಇದೆ."

"ಅರ್ತಿಂಗ್ ವಾಯರ್ ಸಡಲಾಗಿರ್ಬೇಕು. ತಡಿ, ನೋಡ್ತೀನಿ."

ಅವರು ಮೇಜಿನ ಕೆಳಗೆ ಬಗ್ಗಿದರು. ನಿಜದಲ್ಲಿ ಸಿಲಿಂಡರಿನಿಂದ ಕೊಳವೆ ಕಳಚಿಕೊಂಡಿತ್ತು. ಪೆಟ್ಟಿಗೆಗೆ ಹೋಗಬೇಕಾದ ಆರ್ಗಾನ್ ನೆಲದ ಮೇಲೆ ಹರಡಿ ತುಂಬುತ್ತಿತ್ತು. ಗೆರೆ ಕುಗ್ಗಿದ್ದು ಅದಕ್ಕೇ. ಹೊರಗಿನ ಯಾರಾದರೂ ಆಗಿದ್ದರೆ ಮೊದಲು ಅನಿಲದ ಕಡೆ ನೋಡುತ್ತಿದ್ದರೇನೋ. ನಮ್ಮ ತಲೆಯಲ್ಲಿ ವಾಯರು, ಅರ್ತಿಂಗು, ನಾಯ್ಸು ಬಿಟ್ಟರೆ ಬೇರೇನೂ ಇರಲಿಲ್ಲ.

"ಸರಿಯಾಯ್ತಾ ಅಕ್ಕ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಪರದೆ ನೋಡುತ್ತಲೇ ಇನ್ನೊಮ್ಮೆ ಕೇಳಿದೆ. ತಿರುಗಿದಾಗ ಕಂಡದ್ದು ಮೇಜಿನ ಕೆಳಗಿನಿಂದ ಚಾಚಿದ ಅವರ ಕಾಲು. ಒಂದು ಚಪ್ಪಲಿ ಕಳಚಿತ್ತು. ಎಳೆಯಲು ಕುಕ್ಕರಗಾಲಲ್ಲಿ ಕೂತೆ, ಕಣ್ಣು ಕತ್ತಲಿಟ್ಟಿತು. ನೆಲದ ಹತ್ತಿರ ಉಸಿರಾಡಲು ಗಾಳಿಯೇ ಇಲ್ಲ ಎಂದು ಆಗಷ್ಟೇ ತಿಳಿಯಿತು. ಎದ್ದು ಬಾಗಿಲು ತೆರೆದು ಕಿರುಚಿ, ಉಸಿರು ಬಿಗಿಹಿಡಿದು ಮತ್ತೆ ಬಗ್ಗಿದೆ. ಪಕ್ಕದ ಲ್ಯಾಬಿನವರು ಓಡಿ ಬಂದರು. ಎಲ್ಲ ಸೇರಿ ಅವರನ್ನು ಮೆಟ್ಟಿಲ ಬಳಿ ಎಳೆದು ತಂದೆವು. ತುಟಿ ನೀಲಿಯಾಗಿತ್ತು. ಇಂದಿಗೂ ಯಾರಾದರೂ ಬಿದ್ದ ಪೆನ್ನು ಎತ್ತಲು ಬಗ್ಗಿದರೆ ನನ್ನ ಉಸಿರು ತಾನಾಗಿ ನಿಲ್ಲುತ್ತದೆ. ಅವರು ಏಳುವ ತನಕ ಕಾಯುತ್ತೇನೆ.

ಆಸ್ಪತ್ರೆಯಲ್ಲಿ ಅವರ ತಾಯಿ ಕೇಳಿದರು: "ಖೋಲಿ ದೊಡ್ಡದದ ಅಂತೀರಿ, ಗಾಳಿ ಹೆಂಗ ಕಡಿಮಿ ಆತ್ರಿ?" ನಾನು ಭಾರ, ಹಗುರ ಎಂದೇನೋ ಶುರು ಮಾಡಿ ನಿಲ್ಲಿಸಿಬಿಟ್ಟೆ.

ಅಕ್ಕ ಬದುಕಿದರು. ನಡೆದರು, ನಕ್ಕರು, ಎಲ್ಲರ ಗುರುತು ಹಿಡಿದರು. ಲ್ಯಾಬಿಗೂ ಬಂದರು. ಆದರೆ ಬೆಳಿಗ್ಗೆ ಓದಿದ್ದು ಮಧ್ಯಾಹ್ನಕ್ಕೆ ಉಳಿಯುತ್ತಿರಲಿಲ್ಲ. ಮಿದುಳಿಗೆ ಆಮ್ಲಜನಕ ಸಿಗದೆ ಹೋದ ಆ ಹೊತ್ತು ಏನನ್ನು ಒಯ್ಯಬಾರದಿತ್ತೋ ಅದನ್ನೇ ಒಯ್ದಿತ್ತು. ಒಂದು ದಿನ ಗೈಡಿಗೆ ಹೇಳಿ ಪಿಎಚ್‌ಡಿ ಬಿಟ್ಟರು. ಈಗ ಲ್ಯಾಬಿನಲ್ಲಿ ಫ್ಯಾನು ನಿಲ್ಲಿಸಲು ಆಗದಂತೆ ಸ್ವಿಚ್ಚನ್ನೇ ತೆಗೆದಿದ್ದಾರೆ. ಅಷ್ಟು ಸುಲಭದ ಕೆಲಸ ಅದು. ನಾಯ್ಸ್ ಬರುತ್ತದೆ, ಬಂದರೆ ಬರಲಿ ಎಂದು ಎಲ್ಲರೂ ಹೊಂದಿಕೊಂಡಿದ್ದೇವೆ.

ಕಳೆದ ತಿಂಗಳು ಪುಣೆ ಬಳಿಯ ತಳೇಗಾಂವಕ್ಕೆ ಹೋಗಿದ್ದೆ. ಅಕ್ಕ ಈಗಿರುವುದು ಅಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅವರ ಅಣ್ಣನ ಮನೆಯಲ್ಲಿ. ತಾಯಿ ಚಹಾ ಕೊಟ್ಟು ಒಳಗೆ ಹೋದರು.

"ಮತ್ತ, ಹಗುರದ್ದು ಬಡದಾಗ ಏನಾಗ್ತದ? ತಿಳೀತೇನು ತಮ್ಮಾ?"

ತಿಳಿದಿತ್ತು. ಅವರು ಅರ್ಧಕ್ಕೆ ಬಿಟ್ಟಿದ್ದನ್ನು ನಾವು ಮುಗಿಸಿದ್ದೆವು. ಒಂದು ಡಿಕ್ಕಿಯಲ್ಲಿ ಹುಟ್ಟುವ ಒಟ್ಟು ಕಣಗಳು ಹೆಚ್ಚಿದಂತೆ ಸ್ಟ್ರೇಂಜ್ ಎಂಬ ಅಪರೂಪದ ಜಾತಿಯ ಪಾಲೂ ಏರುತ್ತದೆ, ಬಡಿದದ್ದು ಹಗುರವೋ ಭಾರವೋ ಎಂಬುದು ಅಷ್ಟು ಲೆಕ್ಕಕ್ಕಿಲ್ಲ ಎಂದೆ. ಅಕ್ಕನ ಮುಖ ಅರಳಿತು.

"ನಾ ಅಂದಿದ್ದಿಲ್ಲ? ಹಂಗ ಇರ್ತದ ಅಂತ!"

ನಿಜ, ಅವರೇ ಮೊದಲು ಅಂದದ್ದು. ಚಹಾ ಕುಡಿದೆವು. ಅಣ್ಣನ ಮಕ್ಕಳ ಮಾತು ಬಂತು, ರಸ್ತೆಯ ಮಾತು ಬಂತು. ಆಮೇಲೆ ಅಕ್ಕ ಲೋಟ ಕೆಳಗಿಟ್ಟು ನನ್ನ ಕಡೆ ಬಾಗಿದರು.

"ಮತ್ತ, ಹಗುರದ್ದು ಬಡದಾಗ ಏನಾಗ್ತದ? ತಿಳೀತೇನು?"

ನನ್ನ ಮುಖದಲ್ಲಿ ಏನೋ ಕಂಡಿರಬೇಕು.

"ಆಗ್ಲೇ ಕೇಳಿದ್ನೇನು?"

"ಇಲ್ಲ ಅಕ್ಕ, ಈಗಲೇ ಕೇಳ್ತಾ ಇರೋದು" ಎಂದು ಮೊದಲಿನಿಂದ ಹೇಳತೊಡಗಿದೆ.