ಜೇಬಿನ ಬೆಲ್ಲ

ಚಳಿ ಶುರುವಾಯಿತೆಂದು ಮೂರು ವರ್ಷದ ಮೇಲೆ ನಿನ್ನೆ ಟ್ರಂಕಿನಿಂದ ತೆಗೆದು ಗೂಟಕ್ಕೆ ಹಾಕಿದ್ದ ಉಣ್ಣೆ ಕೋಟಿಗೆ ಇವತ್ತು ಬೆಳಗ್ಗೆ ಇರುವೆ ಮುತ್ತಿದ್ದವು. ನನ್ನ ಮೊದಲ ಅನುಮಾನ ಹೆಂಡತಿಯ ಮೇಲೆ ಹೋಯಿತು. ಸಕ್ಕರೆ ಕಾಯಿಲೆಯವಳು, ಕದ್ದು ತಿನ್ನುವ ಪೇಡಾ ನನ್ನ ಜೇಬಿನಲ್ಲಿ ಬಚ್ಚಿಟ್ಟಿರಬೇಕು ಎಂದುಕೊಂಡೆ. ನಗಬೇಡಿ, ನಾನು ಇರುವುದೇ ಹೀಗೆ. ಹಾಲಿನವನ ಕ್ಯಾನು, ಬಸ್ ಕಂಡಕ್ಟರನ ಮುಗುಳ್ನಗೆ, ಯಾವುದನ್ನೂ ಸುಮ್ಮನೆ ಬಿಟ್ಟವನಲ್ಲ. ಕೈ ಹಾಕಿದರೆ ಸಿಕ್ಕಿದ್ದು ಕರಗಿ ಗಟ್ಟಿಯಾದ ಬೆಲ್ಲದ ಚೂರು, ಅದಕ್ಕೆ ಅಂಟಿದ ಒಂದು ಬಿಳಿ ಕೂದಲು. ಅದು ಚಾಂದನಿಯ ಕೂದಲು.

ಚಾಂದನಿ ಒಂದು ಹೆಣ್ಣು ಕುದುರೆ. ಮೂರು ವರ್ಷದ ಹಿಂದೆ ನನ್ನ ಭಾವಮೈದುನ ಜನವಾಡದ ದಾರಿಯಲ್ಲಿ ಆರು ಕುದುರೆ ಕಟ್ಟಿದ್ದ. ಆಗಷ್ಟೇ ನಿವೃತ್ತನಾಗಿದ್ದ ನಾನು ಮೇಲ್ವಿಚಾರಣೆಗೆಂದು ಬೀದರಿನಿಂದ ದಿನವೂ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಲದ್ದಿ ಬಳಿಯುವುದು, ನೆನೆಸಿದ ಕಡಲೆ ಹಾಕುವುದು, ಮೈ ತಿಕ್ಕುವುದು ಎಲ್ಲ ಮಾಡುತ್ತಿದ್ದವನು ಖಟಕ ಚಿಂಚೋಳಿಯ ಝರೆಪ್ಪ. ನನ್ನ ಕೆಲಸ ಅವನನ್ನು ನೋಡುತ್ತ ಕೂರುವುದು.

ಔರಾದ ಕಡೆಯಿಂದ ತಂದಿದ್ದ ಚಾಂದನಿ ಯಾರಿಂದಲೂ ಲಗಾಮು ಹಾಕಿಸಿಕೊಳ್ಳುತ್ತಿರಲಿಲ್ಲ. "ಇನ್ನೊಂದು ತಿಂಗಳು ನೋಡ್ತೇನ್ರಿ, ಪಳಗಲಿಲ್ಲಂದ್ರ ವಾಪಸ್ ಕಳಸ್ತೇನಿ" ಎಂದಿದ್ದ ಭಾವಮೈದುನ. ನಾನು ಬಲಗೈಯಲ್ಲಿ ಬೆಲ್ಲ ಚಾಚಿ, ಎಡಗೈಯ ಲಗಾಮನ್ನು ಬೆನ್ನ ಹಿಂದೆ ಮರೆಮಾಡಿ, ಭಾರೀ ಜಾಣನ ಹಾಗೆ ಹತ್ತಿರ ಹೋಗುತ್ತಿದ್ದೆ. ಬೆಲ್ಲ ತಿಂದು ಭುಜ ಕಚ್ಚಿದಳು. ಗುರುತು ಇನ್ನೂ ಇದೆ.

ಎರಡನೆಯ ವಾರಕ್ಕೆ ಬೇರೆಯೇ ಆಯಿತು. ಝರೆಪ್ಪ ಲಾಯದ ಬಾಗಿಲು ಹಾಕಿಕೊಂಡು ಒಳಗೆ ಹೋದರೆ, ಅರ್ಧ ಗಂಟೆಯಲ್ಲಿ ಅವಳು ಲಗಾಮು ಹಾಕಿಕೊಂಡು ಅವನ ಹಿಂದೆ ಬರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಇವನು ಗಾಂಜಾ ಸೊಪ್ಪು ತಿನ್ನಿಸುತ್ತಾನೆ ಎಂದು ಮನಸ್ಸು ಹೇಳಿತು. ಅವಳ ಕಣ್ಣು ನೋಡಿದೆ, ಲದ್ದಿ ಮೂಸಿದೆ. ಏನೂ ಸಿಗದಿದ್ದದ್ದೇ ಅನುಮಾನವನ್ನು ಗಟ್ಟಿ ಮಾಡಿತು. ಒಂದು ಬೆಳಗ್ಗೆ ಭಾವಮೈದುನನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು "ಜೇಬು ತಗದು ತೋರ್ಸು" ಎಂದೆ.

ಝರೆಪ್ಪ ಎರಡೂ ಜೇಬು ಹೊರಗೆಳೆದ. ಒಂದು ಬೀಡಿ ಕಟ್ಟು ಬಿತ್ತು. ಆಮೇಲೆ ಎರಡೂ ಅಂಗೈ ನನ್ನ ಮುಖದ ಮುಂದೆ ಹಿಡಿದ.

"ದಿನಾ ಹಿಂಗೇ ಅಕಿ ಮುಂದ ಹಿಡೀತೇನ್ರಿ. ಮೊದಲ ಬರಿಗೈ, ಆಮ್ಯಾಗ ಲಗಾಮು. ಬ್ಯಾಡಂದ್ರ ಸುಮ್ಮ ಕುಂದರ್ತೇನಿ. ಅಕಿ ಮೂಸಿ ನಂಬತಾಳ್ರಿ ಸರ. ನೀವು ನೋಡಿನೂ ನಂಬಂಗಿಲ್ಲ."

"ಮತ್ತ ಬಾಗಿಲ ಯಾಕ ಹಾಕ್ತೀ?"

"ನೀವು ಹಣಕಿ ಹಾಕ್ತೀರಂತ್ರಿ. ನಿಮ್ಮನ್ನ ಕಂಡ್ರ ಅಂಜತಾಳ."

ಇದೂ ನಾಟಕ ಎಂದೆ. ಭಾವಮೈದುನ ನನ್ನ ಮಾತನ್ನೇ ನಂಬಿದ. ಝರೆಪ್ಪ ಕೈ ತೊಳೆದುಕೊಂಡು, ಚಾಂದನಿಯ ಕಡೆ ನೋಡದೆ, ಕೆಲಸ ಬಿಟ್ಟು ಹೋದ. ಊಟದ ಗಂಟು ಅಲ್ಲೇ ಉಳಿಯಿತು. ಬಿಚ್ಚಿ ನೋಡಿದೆ, ಹೌದು, ಅದನ್ನೂ ಬಿಚ್ಚಿ ನೋಡಿದೆ. ಜೋಳದ ರೊಟ್ಟಿ, ಪುಂಡಿಪಲ್ಯ.

ಮೂರನೆಯ ದಿನ ನಾಚಿಕೆ ಬಿಟ್ಟು ಅವನ ಹಾಗೇ ಮಾಡಿದೆ. ಎರಡೂ ಕೈ ತೋರಿಸಿ, ಲಗಾಮನ್ನು ಮುಂದೆ ಹಿಡಿದೆ. ಚಾಂದನಿ ಅಂಗೈ ಮೂಸಿದಳು, ಲಗಾಮು ಮೂಸಿದಳು. ಆಮೇಲೆ ಮೂತಿಯನ್ನು ಇದೇ ಕೋಟಿನ ಜೇಬಿಗೆ ಒತ್ತಿ ಮೂಸಿ, ನಿಧಾನವಾಗಿ ಹಿಂದೆ ಸರಿದು ಗೋಡೆಗೆ ಆತು ನಿಂತಳು. ಯಾವುದಕ್ಕೂ ಇರಲಿ ಎಂದು ಬೆಲ್ಲವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ.

ತಿಂಗಳು ಮುಗಿದ ಮೇಲೆ ಅವಳನ್ನು ಟೆಂಪೋದಲ್ಲಿ ಔರಾದಕ್ಕೆ ವಾಪಸ್ ಕಳಿಸಿದೆವು. ಹತ್ತಿಸಲು ನಾಲ್ಕು ಜನ ಬೇಕಾಯಿತು. ಝರೆಪ್ಪನ ಊರಿಗೆ ಹೋಗಿ ತಪ್ಪಾಯಿತು ಎನ್ನಲು ಈ ಮೂರು ವರ್ಷವೂ ನನಗೆ ಮುಖವಿರಲಿಲ್ಲ.

ಇವತ್ತು ಜೇಬನ್ನು ಹೊರಗೆಳೆದು ಕೊಡವಿ, ಬೆಲ್ಲವನ್ನು ಇರುವೆಗಳಿಗೇ ಬಿಟ್ಟು, ಕೋಟು ತೊಟ್ಟೆ. ಭಾಲ್ಕಿಗೆ ಒಂದು ಬಸ್ಸು, ಅಲ್ಲಿಂದ ಖಟಕ ಚಿಂಚೋಳಿಗೆ ಇನ್ನೊಂದು. ಝರೆಪ್ಪನ ಮನೆಗೆ ಹೊರಟೆನೆಂದು ಕೇಳಿ ಹೆಂಡತಿ ಚೀಲ ಹಿಡಿದು ಬಂದಳು.

"ಬರಿಗೈಲೆ ಹೋಗ್ತೀರೇನ್ರಿ? ನಾಕು ಬಾಳೆಹಣ್ಣರ ಒಯ್ರಿ."

"ಬ್ಯಾಡ" ಎಂದೆ. "ಬರಿಗೈಲೇ ಹೋಗ್ತೇನಿ."