ಬ್ರೇಕಿನ ಮೇಲಿದ್ದ ಕಾಲು

ನಾನು ಹಾವೇರಿಯಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡಿಕೊಂಡಿದ್ದೆ. ಅಂಗಡಿ ಅಂತ ಇರಲಿಲ್ಲ. ಮೋಟಾರ್ ಸೈಕಲ್ಲಿನ ಪಕ್ಕಕ್ಕೆ ತೂಗುಬಿಟ್ಟ ಚೀಲದಲ್ಲಿ ಪಾನಾ, ಎಣ್ಣೆ ಬುಡ್ಡಿ, ಸೂಜಿ, ಬಾಬಿನ್ ಎಲ್ಲ ಇರುತ್ತಿದ್ದವು. ಸೋಮವಾರ ಕರ್ಜಗಿ ಕಡೆ, ಬುಧವಾರ ಬ್ಯಾಡಗಿ, ಶುಕ್ರವಾರ ರಾಣೆಬೆನ್ನೂರು, ಅಲ್ಲಿಂದ ಮೇಡ್ಲೇರಿ. ಮಷಿನ್ ಕೆಟ್ಟವರು ನಾನು ಬರುವ ವಾರ ನೋಡಿಕೊಂಡು ಕಾಯುತ್ತಿದ್ದರು.

ಎರಡು ಸಾವಿರದ ಎಂಟರ ಮಳೆಗಾಲದ ಹೊತ್ತಿಗೆ ಪೆಟ್ರೋಲ್ ಬೆಲೆ ಮತ್ತೆ ಏರಿತು. ನನ್ನಂತೆಯೇ ಊರೂರು ತಿರುಗುತ್ತಿದ್ದ ಇನ್ನಿಬ್ಬರು ರಿಪೇರಿಯವರು ಹಳ್ಳಿಗಳನ್ನು ಬಿಟ್ಟುಬಿಟ್ಟರು. ಬೇಕಾದವರು ಮಷಿನ್ ಹೊತ್ತುಕೊಂಡು ಪೇಟೆಗೆ ಬರಲಿ ಎಂಬುದು ಅವರ ಮಾತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಎಲ್ಲಕ್ಕಿಂತ ದೂರದ ಮೇಡ್ಲೇರಿಯನ್ನು ಕೈಬಿಡಬೇಕೆಂದುಕೊಂಡೇ ಆ ಶುಕ್ರವಾರ ಹೋದೆ.

ಮೇಡ್ಲೇರಿಯಲ್ಲಿ ಒಬ್ಬ ಹೆಣ್ಣುಮಗಳು ಬ್ಲೌಸು, ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಿದ್ದಳು. ಚಿಕ್ಕಂದಿನಿಂದಲೂ ಅವಳ ಎರಡು ಕಾಲಿಗೂ ಬಲವಿಲ್ಲ. ಹಾಗಾಗಿ ಅವಳದು ಕೈಯಿಂದ ತಿರುಗಿಸುವ ಮಷಿನ್. ಬಲಗೈಯಲ್ಲಿ ಗಾಲಿ ತಿರುಗಿಸುತ್ತ ಎಡಗೈ ಒಂದರಿಂದಲೇ ಬಟ್ಟೆ ಸರಿಸುವುದನ್ನು ನೋಡುತ್ತ ಎಷ್ಟೋ ಸಲ ಕೆಲಸ ಮರೆತು ನಿಂತಿದ್ದೇನೆ. ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಸುತ್ತಿ ಬಳಸಿ ಹೇಳಿದೆ.

“ಇನ್ನ ಮ್ಯಾಲೆ ಎರಡು ತಿಂಗಳಿಗೊಮ್ಮೆ ಬರ್ತೀನವಾ. ಪೆಟ್ರೋಲ್ ಭಾಳ ತುಟ್ಟಿ ಆಗೈತಿ.”

ಅವಳು ಬೇಸರ ಮಾಡಿಕೊಳ್ಳಲಿಲ್ಲ. “ಆಗ್ಲಿ ಅಣ್ಣಾರ. ನಡುವ ಕೆಟ್ಟರ ನಾನಾ ಬಿಚ್ಚಿ ನೋಡ್ತೀನಿ. ಹೆಂಗ ಬಿಚ್ಚೂದು ಅಷ್ಟು ತೋರಿಸಿ ಹೋಗ್ರಿ” ಅಂದಳು.

ತೋರಿಸಿಕೊಟ್ಟೆ. ಒಂದೇ ಸಲಕ್ಕೆ ಕಲಿತಳು. ಬೇಡಿಕೊಂಡಿದ್ದರೆ ಏನಾದರೂ ಸಮಾಧಾನ ಹೇಳಿ ಬಂದುಬಿಡುತ್ತಿದ್ದೆನೇನೋ. ಅವಳು ಬೇಡಿಕೊಳ್ಳಲಿಲ್ಲ, ಅದಕ್ಕೇ ಹಿಂತಿರುಗುವಾಗ ದಾರಿಯುದ್ದಕ್ಕೂ ನಾಚಿಕೆಯಾಯಿತು. ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಒಂದು ಊರನ್ನೂ ಬಿಡುವುದಿಲ್ಲ. ಕಡಿಮೆಯಾಗಬೇಕಾದದ್ದು ಈ ಗಾಡಿ ಕುಡಿಯುವ ಪೆಟ್ರೋಲು.

ಕೇಳಿದ್ದು ನೋಡಿದ್ದು ಎಲ್ಲ ಮಾಡಿದೆ. ಟೈರಿಗೆ ಸರಿಯಾಗಿ ಗಾಳಿ ಹಾಕಿಸಿದೆ, ಚೈನಿಗೆ ಎಣ್ಣೆ ಬಿಟ್ಟೆ, ಪ್ಲಗ್ ಬದಲಿಸಿದೆ, ರೈಲ್ವೆ ಗೇಟಿನಲ್ಲಿ ನಿಂತಾಗ ಎಂಜಿನ್ ಬಂದ್ ಮಾಡಿದೆ. ಆದರೂ ಲೀಟರಿಗೆ ನಲವತ್ತೈದರ ಮೇಲೆ ಓಡಲಿಲ್ಲ. ಅದೇ ಗಾಡಿ ಇಟ್ಟುಕೊಂಡವರು ಅರವತ್ತು ಬರುತ್ತದೆ ಎನ್ನುತ್ತಿದ್ದರು.

ರಾಣೆಬೆನ್ನೂರಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಒಬ್ಬ ಮೆಕ್ಯಾನಿಕ್ ಇದ್ದರು. ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರು ಪೆಟ್ರೋಲ್ ಟಾಕಿಯ ಪೈಪು ಬಿಚ್ಚಿ, ಖಾಲಿ ಸಲಾಯಿನ್ ಬಾಟಲಿಯೊಂದನ್ನು ಹ್ಯಾಂಡಲಿಗೆ ಕಟ್ಟಿ, ಅದರಲ್ಲಿ ನೂರು ಮಿಲಿ ಪೆಟ್ರೋಲ್ ಅಳೆದು ಹಾಕಿ ಎಂಜಿನ್‌ಗೆ ಜೋಡಿಸಿದರು. ಇನ್ನಷ್ಟು ಪೆಟ್ರೋಲನ್ನು ಒಂದು ಡಬ್ಬಿಯಲ್ಲಿ ನನ್ನ ಕೈಗೆ ಕೊಟ್ಟು, “ಹಿಂದ ಕುಂದ್ರು” ಅಂದರು.

ಮೇಡ್ಲೇರಿ ರಸ್ತೆಯಲ್ಲಿ ಅವರೇ ಓಡಿಸಿದರು. ಬಾಟಲಿ ಬರಿದಾಗಿ ಗಾಡಿ ನಿಂತಾಗ ಮೀಟರ್ ಆರು ಕಿಲೋಮೀಟರ್ ದಾಟಿತ್ತು. ಅಲ್ಲಿಯೇ ಗೋವಿನಜೋಳದ ಹೊಲದ ಬದಿಗೆ ನಿಂತು ಮತ್ತೆ ಅಷ್ಟೇ ಅಳೆದು ಹಾಕಿದರು. ಈ ಸಲ ನಾನು ಓಡಿಸಿದೆ, ಅವರು ಹಿಂದೆ ಕುಳಿತರು. ನಾಲ್ಕೂವರೆ ಕಿಲೋಮೀಟರಿಗೇ ಗಾಡಿ ನಿಂತಿತು.

ಚಾಚಾ ಇಳಿದು ಹಿಂದಿನ ಗಾಲಿಯ ಬ್ರೇಕ್ ಡ್ರಮ್ ಮುಟ್ಟಿ ತಟ್ಟನೆ ಕೈ ತೆಗೆದರು. “ನೀನೂ ಮುಟ್ಟಿ ನೋಡು” ಅಂದರು. ಮುಟ್ಟಿದೆ. ಒಲೆಯ ಮೇಲಿಂದ ಇಳಿಸಿದ ಪಾತ್ರೆಯಂತೆ ಸುಡುತ್ತಿತ್ತು.

“ಗಾಡ್ಯಾಗ ಏನೂ ಇಲ್ಲ ತಮ್ಮಾ. ನಿನ್ನ ಬಲಗಾಲು ಬ್ರೇಕ್ ಬಿಟ್ಟು ಏಳೂದಾ ಇಲ್ಲ.”

“ಸುಮ್ನ ಇಟ್ಟಿರ್ತೀನಿ ಚಾಚಾ, ಒತ್ತೂದಿಲ್ಲ.”

“ನಾ ಹಿಂದ ಕುಂತು ಅದನ್ನಾ ನೋಡಕೋತ ಬಂದೀನಿ. ಎದಕ ಅಷ್ಟು ಅಂಜ್ತಿ?”

ಯಾಕೆಂದು ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬ್ಯಾಡಗಿಯಿಂದ ಬರುತ್ತಿದ್ದೆ. ತಿರುವಿನಲ್ಲಿ ಆಡಿನ ಹಿಂಡು ಅಡ್ಡ ಬಂತು. ನಾನು ಬ್ರೇಕ್ ಹಿಡಿದದ್ದು ತಡವಾಯಿತು. ನನಗೆ ತರಚಿದ ಗಾಯವೂ ಆಗಲಿಲ್ಲ. ಅವಳ ಎಡಗೈ ಮಣಿಕಟ್ಟು ಮುರಿಯಿತು, ಕೂಡಿದರೂ ಮೊದಲಿನಂತಾಗಲಿಲ್ಲ. ತುಂಬಿದ ಕೊಡ ಎತ್ತುವಾಗ ಅವಳು ಕೈ ಬದಲಿಸುವುದನ್ನು ದಿನವೂ ನೋಡುತ್ತಿದ್ದೆ. ಅಂದಿನಿಂದ ಅವಳನ್ನು ಗಾಡಿ ಹತ್ತಿಸಿಕೊಂಡಿರಲಿಲ್ಲ. ತವರಿಗೆ, ದವಾಖಾನೆಗೆ, ಎಲ್ಲಿಗಾದರೂ ಬಸ್ಸಿಗೇ ಹೋಗುತ್ತಿದ್ದಳು. ನನ್ನ ಕಾಲು ಬ್ರೇಕಿನ ಮೇಲೆ ಕುಳಿತದ್ದೂ ಅಂದಿನಿಂದಲೇ. ಅದನ್ನು ನಾನು ಎಚ್ಚರ ಎಂದುಕೊಂಡಿದ್ದೆ.

ಕಾಲು ತಾಗದಂತೆ ಬ್ರೇಕ್ ಪೆಡಲನ್ನು ಸ್ವಲ್ಪ ಕೆಳಗಿಳಿಸಿ ಕೊಡಿ ಎಂದು ಕೇಳಿದೆ. ಚಾಚಾ ಒಪ್ಪಲಿಲ್ಲ.

“ಬೇಕಾದಾಗ ಬ್ರೇಕ್ ಸಿಗದಿದ್ರ ಬೀಳ್ತಿ. ಹಿಮ್ಮಡ ಫುಟ್‌ರೆಸ್ಟ್ ಮ್ಯಾಲೆ ಇಡು, ಬೆರಳು ಹೊರಗ ತಿರುವು. ನಲವತ್ತರ ಮ್ಯಾಲೆ ಹೋಗಬ್ಯಾಡ. ಗಾಲಿ ಮುಂದಿಂದು ನೋಡಬ್ಯಾಡ, ದೂರ ನೋಡು. ದೂರದ್ದು ಕಂಡರ ಎಕ್ಸಲೇಟರ್ ಬಿಟ್ಟರ ಸಾಕು.”

ಮರುದಿನದಿಂದ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಕರ್ಜಗಿ ರಸ್ತೆಯಲ್ಲಿ ಅಭ್ಯಾಸ ಮಾಡಿದೆ. ಹದಿನೈದು ವರ್ಷ ಗಾಡಿ ಓಡಿಸಿದವನು ಹೊಸದಾಗಿ ಕಲಿಯುವವನಂತಾದೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಕಾಲು ತಾನಾಗಿಯೇ ಪೆಡಲಿಗೆ ಹೋಗುತ್ತಿತ್ತು. ಪ್ರತಿ ಊರಿನಲ್ಲಿ ಇಳಿದ ಕೂಡಲೇ ಡ್ರಮ್ ಮುಟ್ಟುತ್ತಿದ್ದೆ. ಬಿಸಿಯಿದ್ದರೆ ಕಾಲು ಎಲ್ಲಿ ಸೋತಿತೆಂದು ನೆನಪು ಮಾಡಿಕೊಂಡು, ಹಿಂತಿರುಗುವಾಗ ಅದೇ ತಿರುವಿನಲ್ಲಿ ಹಲ್ಲು ಕಚ್ಚಿ ಕಾಲನ್ನು ಹೊರಗಿಡುತ್ತಿದ್ದೆ. ಬ್ಯಾಡಗಿಯ ಆ ತಿರುವು ಮಾತ್ರ ಬಹಳ ಕಾಡಿತು. ಒಂದು ಬುಧವಾರ ಅದನ್ನು ನಾಲ್ಕು ಸಲ ದಾಟಿದೆ. ಪೆಟ್ರೋಲ್ ಉಳಿಸಲು ಹೊರಟವನು ಅಂದು ಬೇಕೆಂದೇ ಸುಟ್ಟೆ. ನಾಲ್ಕನೆಯ ಸಲ ಕಾಲು ಕದಲಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಡ್ರಮ್ ಬರಿಗೈಗೆ ತಣ್ಣಗೇ ಇರತೊಡಗಿತು. ಚಾಚಾ ಮತ್ತೊಮ್ಮೆ ಬಾಟಲಿ ಕಟ್ಟಿ, ಹಿಂದೆ ಕುಳಿತು ನೋಡಿದರು. ಆರು ಕಿಲೋಮೀಟರ್ ದಾಟಿ, ಅವರು ಓಡಿಸಿದ್ದಕ್ಕಿಂತಲೂ ತುಸು ಮುಂದೆ ಹೋಯಿತು. ಅವರು ಪೈಪು ಮೊದಲಿನಂತೆ ಜೋಡಿಸಿ ಕೈ ಒರೆಸಿಕೊಂಡರು. ಮೇಡ್ಲೇರಿಗೆ ಪ್ರತಿ ಶುಕ್ರವಾರವೂ ಹೋದೆ. ಆ ವರ್ಷ ಯಾವ ಊರೂ ತಪ್ಪಲಿಲ್ಲ.

ಒಂದು ಸಂಜೆ ಮನೆಯ ಮುಂದೆ ಗಾಡಿ ನಿಲ್ಲಿಸಿ ಡ್ರಮ್ ಮುಟ್ಟಿ ನೋಡುತ್ತಿದ್ದಾಗ ಹೆಂಡತಿ ಬಾಗಿಲಿಗೆ ಬಂದಳು.

“ದಿನಾ ಗಾಲಿ ಮುಟ್ಟಿ ಏನ್ ನೋಡ್ತೀರಿ?”

ಅಲ್ಲಿಯವರೆಗೆ ಅವಳಿಗೆ ಏನೂ ಹೇಳಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದೆ. ಬಾಟಲಿಯ ವಿಷಯ, ಕಾಲಿನ ವಿಷಯ, ಆ ತಿರುವನ್ನು ನಾಲ್ಕು ಸಲ ದಾಟಿದ್ದು.

“ನೀ ಅಂಜಿ ಬಸ್ಸಿಗೆ ಹೋಗ್ತಿ ಅಂತ ತಿಳದಿದ್ದೆ” ಅಂದೆ.

“ನನಗೇನ ಅಂಜಿಕಿ? ನೀವು ಒಂದ ದಿನಾನೂ ಹತ್ತು ಅನ್ನಲಿಲ್ಲ. ಅದಕ್ಕ ಬಸ್ಸಿಗೆ ಹ್ವಾದೆ.”

ಆ ಶುಕ್ರವಾರ ಚೀಲವನ್ನು ಬಿಗಿಯಾಗಿ ಕಟ್ಟಿ, “ಹತ್ತು” ಅಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಕುಳಿತಳು. ಹೈವೇಯಲ್ಲಿ ಎಲ್ಲರೂ ನಮ್ಮನ್ನು ಹಿಂದೆ ಹಾಕಿ ಹೋದರು. ದೂರದಲ್ಲಿ ಟ್ರ್ಯಾಕ್ಟರ್ ಒಂದು ರಸ್ತೆಗೆ ಏರುವುದು ಕಂಡು ಎಕ್ಸಲೇಟರ್ ಬಿಟ್ಟೆ. ನಾವು ಅದರ ಹತ್ತಿರ ಬರುವಷ್ಟರಲ್ಲಿ ಅದು ದಾಟಿ ಹೋಗಿತ್ತು. ಅವಳಿಗೆ ಅದು ಗೊತ್ತಾಗಲೇ ಇಲ್ಲ. ತನ್ನ ತಂಗಿಯ ಮನೆಯಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆಂದು ಹೇಳುತ್ತಲೇ ಇದ್ದಳು. ರಾಣೆಬೆನ್ನೂರು ಬಂದಾಗಲೂ ಆ ಜಗಳ ಮುಗಿದಿರಲಿಲ್ಲ.